ಡ್ಯಾಶ್‌ಬೋರ್ಡ್ ಕೊಳ್ಳುವ ಮೊದಲು ‘ಮಾರಾಟ’ ಎಂದರೇನೆಂದು ಬರೆದಿಡಿ

ಬಿಸಿನೆಸ್ ಇಂಟೆಲಿಜೆನ್ಸ್ ಎಂದರೆ ಕಂಪನಿಯಲ್ಲಿ ಚದುರಿ ಬಿದ್ದಿರುವ ಅಂಕಿಅಂಶಗಳನ್ನು ಒಂದೆಡೆ ತಂದು, ತೀರ್ಮಾನಕ್ಕೆ ಒದಗುವಂತೆ ಡ್ಯಾಶ್‌ಬೋರ್ಡ್ ಎಂಬ ಒಂದೇ ಪರದೆಯಲ್ಲಿ ತೋರಿಸುವುದು. ಇದಕ್ಕೆ ಲಕ್ಷಗಟ್ಟಲೆ ಸುರಿದು, ಮೂರೇ ತಿಂಗಳಲ್ಲಿ ಎಕ್ಸೆಲ್‌ಗೆ ಮರಳಿದ ಕಚೇರಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರು ಎಡವಿದ್ದು ಎರಡನೇ ಹಂತದಲ್ಲಿ.

ಹಂತ 1: ಒಂದೇ ಪ್ರಶ್ನೆ ಆರಿಸಿ. ‘ಯಾವ ಡೀಲರ್ ಖರೀದಿ ಕಡಿಮೆ ಮಾಡುತ್ತಿದ್ದಾರೆ?’ ಎಂಬಂಥದ್ದು ಸಾಕು.

ಹಂತ 2: ಪದಗಳ ಅರ್ಥ ಬರೆದಿಡಿ. ವಿದ್ಯುತ್ ಸಾಮಗ್ರಿ ಮಾರುವ ಸಂಸ್ಥೆಯೊಂದರ ಸಭೆಯಲ್ಲಿ ತಿಂಗಳ ಮಾರಾಟ 59 ಲಕ್ಷ ಎಂದರು ಸೇಲ್ಸ್ ಮ್ಯಾನೇಜರ್. 48 ಲಕ್ಷ ಎಂದರು ಲೆಕ್ಕಿಗರು. ಬೈಗುಳ ತಿಂದದ್ದು ಮಾತ್ರ ಸಾಫ್ಟ್‌ವೇರ್. ಬಿಲ್ ತರಿಸಿ ನೋಡಿದೆವು. ಮ್ಯಾನೇಜರ್ ಪ್ರತಿ ಬಿಲ್ಲಿನ ಕೊನೆಯ ಸಾಲನ್ನು ಕೂಡಿದ್ದರು, ಅದರಲ್ಲಿ ಶೇ 18 ಜಿಎಸ್‌ಟಿ ಸೇರಿತ್ತು. ತೆರಿಗೆ ಬಿಟ್ಟರೆ 50 ಲಕ್ಷ. ಲೆಕ್ಕಿಗರು ವಾಪಸು ಬಂದ ಎರಡು ಲಕ್ಷದ ಸರಕನ್ನೂ ಕಳೆದಿದ್ದರು. ಇಬ್ಬರ ಲೆಕ್ಕವೂ ಸರಿಯೇ!

ಆದ್ದರಿಂದ ‘ಮಾರಾಟ: ಜಿಎಸ್‌ಟಿ ಬಿಟ್ಟು, ವಾಪಸು ಸರಕು ಕಳೆದು, ಬಿಲ್ ದಿನಾಂಕದಂತೆ’ ಎಂದು ಕಾಗದದಲ್ಲಿ ಬರೆಯಿರಿ. ಮಾರ್ಚ್‌ನಲ್ಲಿ ಮಾರಿದ್ದು ಏಪ್ರಿಲ್‌ನಲ್ಲಿ ವಾಪಸು ಬಂದರೆ ಯಾವ ತಿಂಗಳಿಂದ ಕಳೆಯಬೇಕು ಎಂಬುದನ್ನೂ ಸೇರಿಸಿ. ವರ್ಷಾಂತ್ಯದ ಜಗಳ ಹುಟ್ಟುವುದೇ ಅಲ್ಲಿ. ಕೆಳಗೆ ಇಬ್ಬರ ಸಹಿಯೂ ಇರಲಿ, ಮಾಲೀಕರದೂ. ಮಾಲೀಕರಿಗೆ ಅದಕ್ಕೆ ಪುರುಸೊತ್ತಿಲ್ಲವಾದರೆ ಯೋಜನೆಯನ್ನು ಅಲ್ಲಿಗೇ ಬಿಡಿ.

ಹಂತ 3: ಹೆಸರುಗಳನ್ನು ಹೊಂದಿಸಿ. 2014ಕ್ಕೆ ಮುಂಚಿನ ಬಿಲ್‌ಗಳ ಇಂಗ್ಲಿಷ್ ಕಾಗುಣಿತದಲ್ಲಿ ‘ಹುಬ್ಲಿ’, ಆಮೇಲಿನವುಗಳಲ್ಲಿ ‘ಹುಬ್ಬಳ್ಳಿ’. ಕಂಪ್ಯೂಟರ್‌ಗೆ ಇವು ಎರಡು ಊರು. ಗ್ರಾಹಕರನ್ನು 15 ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆಯಿಂದ ಗುರುತಿಸಿ. ಒಂದೇ ರಾಜ್ಯದ ಹಲವು ಶಾಖೆಗಳಿಗೆ ಒಂದೇ ಸಂಖ್ಯೆ ಇರಬಹುದು, ಊರನ್ನೂ ನೋಡಿ.

ಹಂತ 4: ಸಾಫ್ಟ್‌ವೇರ್. ಪವರ್ ಬಿಐ, ಟ್ಯಾಬ್ಲೋ, ಮೆಟಾಬೇಸ್, ಯಾವುದಾದರೂ ಆದೀತು. ಕಾರಿನ ಸ್ಪೀಡೋಮೀಟರ್‌ನಂಥ ಚಿತ್ರಗಳು ಬೇಡವೇ ಬೇಡ. ಅರ್ಧ ಪರದೆ ನುಂಗಿ ಒಂದೇ ಅಂಕಿ ಹೇಳುತ್ತವೆ. ಕಡತಗಳನ್ನು ಎಕ್ಸೆಲ್‌ನಲ್ಲಿ ಒಟ್ಟುಗೂಡಿಸುವ ಅಡ್ಡದಾರಿಯೂ ಬೇಡ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಎಕ್ಸೆಲ್‌ನ ಹಳೆಯ ಮಾದರಿಯ ಕಡತ ಬಳಸಿದ್ದರು. ಅದರ ಮಿತಿ 65,536 ಸಾಲು. ಅದಕ್ಕೆ ಹಿಡಿಸದೆ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋಗಿದ್ದವು.

ಹಂತ 5: ಸೋಮವಾರದ ಸಭೆಗೆ ಯಾರೂ ಸ್ವಂತ ಎಕ್ಸೆಲ್ ಪ್ರಿಂಟ್ ತರಬಾರದು. ತಂದರೆ ಮಾಲೀಕರು ಅದನ್ನು ಓದದೆ ಪಕ್ಕಕ್ಕಿಡಲಿ.