ಚೌಕಿಯ ಬೆಳಕಿಗೆ ಹೀಲಿಯೋಸ್: ಫಿಲ್ಮ್ ಕಾಲದ ಲೆನ್ಸ್ ಜೊತೆ ನನ್ನ ಅನುಭವ

ಫಿಲ್ಮ್ ಹೋಯಿತು, ಆದರೆ ಆ ಕಾಲದ ಲೆನ್ಸ್‌ಗಳು ಹಾಳಾಗಿಲ್ಲ. ನಾನು ಬಳಸುವುದು ಎರಡು: ಸೋವಿಯತ್ ಜೆನಿತ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಹೀಲಿಯೋಸ್ 44-2 (58 ಮಿ.ಮೀ., ಎಫ್/2), ಮತ್ತೆ ನಿಕಾನ್‌ನ 50 ಮಿ.ಮೀ. ಎಫ್/1.8. ಎರಡನ್ನೂ ಸೋನಿಯ ಎಪಿಎಸ್-ಸಿ (ಫಿಲ್ಮ್ ಚೌಕಟ್ಟಿಗಿಂತ ಚಿಕ್ಕ ಸೆನ್ಸರ್‌ನ) ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಬಾಡಿಗೆ ಹಾಕಿ ಯಕ್ಷಗಾನದ ಫೋಟೋ ತೆಗೆಯುತ್ತೇನೆ. ಚೌಕಿಯೊಳಗೆ, ಅಂದರೆ ಕಲಾವಿದರು ವೇಷ ಕಟ್ಟುವ ಬಣ್ಣದ ಮನೆಯೊಳಗೆ, ಕಾಲಿಟ್ಟರಂತೂ ಹೀಲಿಯೋಸ್ ಬಿಟ್ಟು ಬೇರೇನೂ ಹಾಕಲು ನನಗೆ ಮನಸ್ಸಾಗುವುದಿಲ್ಲ.

ಯಾವ ಲೆನ್ಸ್ ಯಾವ ಬಾಡಿಗೆ ಕೂರುತ್ತದೆ ಎಂಬುದೆಲ್ಲ ಒಂದು ಅಳತೆಯ ಮೇಲೆ ನಿಂತಿದೆ: ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ವರೆಗಿನ ದೂರ. ಹೀಲಿಯೋಸ್‌ನದು ಎಂ42 ಎಂಬ ತಿರುಪು ಮೌಂಟ್, ಅದಕ್ಕೆ 45.46 ಮಿ.ಮೀ. ಬೇಕು. ಸೋನಿ ಇ ಮೌಂಟ್‌ನಲ್ಲಿ ಇರುವುದು 18 ಮಿ.ಮೀ. ಮಾತ್ರ. ಉಳಿದ ಸುಮಾರು 27.5 ಮಿ.ಮೀ. ತುಂಬುವ ಟೊಳ್ಳು ಲೋಹದ ಕೊಳವೆಯೇ ಅಡಾಪ್ಟರ್. ಅದರೊಳಗೆ ಗಾಜೂ ಇಲ್ಲ, ವೈರೂ ಇಲ್ಲ. ಒಳಗೆ ಕನ್ನಡಿ ಇರುವ ನಿಕಾನ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ ಈ ದೂರವೇ 46.5 ಮಿ.ಮೀ. ಅಲ್ಲಿ ಎಂ42 ಲೆನ್ಸ್ ಹಾಕಿದರೆ ಹತ್ತಿರದ್ದು ಸಿಗುತ್ತದೆ, ದೂರದ ಗುಡ್ಡ ಫೋಕಸ್ ಆಗುವುದೇ ಇಲ್ಲ. ಗಾಜು ಸೇರಿಸಿದ ಅಡಾಪ್ಟರ್ ಸಿಗುತ್ತದೆ, ಆದರೆ ಲೆನ್ಸ್‌ನ ಗುಣ ಕೆಡಿಸುವ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಳೆಯ ಲೆನ್ಸ್‌ಗೆ ಮಿರರ್‌ಲೆಸ್ಸೇ ಸರಿ.

ಕೊಳ್ಳುವಾಗ ಟಾರ್ಚ್ ಜೊತೆಗಿರಲಿ. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ನಮ್ಮ ಮಲೆನಾಡು, ಕರಾವಳಿಯ ತೇವಕ್ಕೆ ಗಾಜಿನ ಮೇಲೆ ಬೇರು ಬಿಟ್ಟ ಹಾಗೆ ಬೂಸ್ಟು ಹಬ್ಬಿರುತ್ತದೆ, ಅಂಥದ್ದು ಬೇಡ. ನಾಲ್ಕು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಫೋಟೋದಲ್ಲಿ ಕಾಣುವುದಿಲ್ಲ.

ಕ್ಯಾಮೆರಾದೊಳಗೆ ಮೊದಲು ಮಾಡಬೇಕಾದ್ದು, ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಆನ್ ಮಾಡುವುದು. ಬಾಡಿಯ ಪಾಲಿಗೆ ಅಲ್ಲಿ ಲೆನ್ಸೇ ಇಲ್ಲ. ಸ್ಟೆಡಿಶಾಟ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಬಾಡಿಯಾದರೆ ಫೋಕಲ್ ಲೆಂತ್ ಕೂಡ ಕೈಯಾರೆ ತುಂಬಬೇಕು. ಮೀಟರಿಂಗ್ ಎಂದಿನಂತೆ ನಡೆಯುತ್ತದೆ: ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ಬಳೆ ನಾವು ತಿರುಗಿಸುತ್ತೇವೆ, ಒಳಗೆ ಬಿದ್ದ ಬೆಳಕು ನೋಡಿ ಶಟರ್ ವೇಗ ಕ್ಯಾಮೆರಾ ಹಾಕಿಕೊಳ್ಳುತ್ತದೆ.

ಇನ್ನು ಚೌಕಿ. ಕಲಾವಿದರು ನೆಲದ ಮೇಲೆ ಕೂತು, ಎದುರಿಗೆ ಕನ್ನಡಿ ಇಟ್ಟುಕೊಂಡು ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಮುಖ ಅಲ್ಲಾಡುವುದಿಲ್ಲ, ಕೈಬೆರಳು ಮಾತ್ರ ಚಲಿಸುತ್ತದೆ. ಕೈಯಲ್ಲಿ ಫೋಕಸ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದೂವರೆ ಮೀಟರ್ ದೂರದಿಂದ ಎಫ್/2ರಲ್ಲಿ ತೆಗೆದರೆ ಚೊಕ್ಕವಾಗಿ ಕಾಣುವ ಆಳ ಐದು ಸೆಂಟಿಮೀಟರ್ ಆಸುಪಾಸು: ಕಣ್ಣು ಸಿಕ್ಕರೆ ಕಿವಿ ಇಲ್ಲ. ಫೋಕಸ್ ಆದ ಗೆರೆಗಳಿಗೆ ಕ್ಯಾಮೆರಾ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್‌ನ ಅಂಚನ್ನು ಇಷ್ಟು ತೆಳುವಾದ ಆಳದಲ್ಲಿ ನಾನು ನಂಬುವುದಿಲ್ಲ. ಕಣ್ಣಿನ ರೆಪ್ಪೆಯ ಮೇಲೆ ಚಿತ್ರ ಹಿಗ್ಗಿಸಿ, ಬಳೆಯನ್ನು ಆಚೀಚೆ ಸ್ವಲ್ಪ ತಿರುಗಿಸಿ, ಗೆರೆ ಗಟ್ಟಿಯಾದಲ್ಲಿ ನಿಲ್ಲಿಸುತ್ತೇನೆ. ಹೀಲಿಯೋಸ್ 44-2ರಲ್ಲಿ ಇದಕ್ಕೆಂದೇ ಹೇಳಿ ಮಾಡಿಸಿದ ಹಾಗೆ ಎರಡು ಅಪರ್ಚರ್ ಬಳೆಗಳಿವೆ. ಒಂದರಲ್ಲಿ ಎಫ್/4 ಅಂತ ಗಡಿ ಹಾಕಿಟ್ಟರೆ, ಇನ್ನೊಂದು ಎಫ್/2ರಿಂದ ಆ ಗಡಿಯವರೆಗೆ ಮಾತ್ರ ಸದ್ದಿಲ್ಲದೆ ಜಾರುತ್ತದೆ. ಪೂರ್ತಿ ತೆರೆದು ಫೋಕಸ್ ಮಾಡು, ಬೆರಳಿಂದ ಗಡಿಗೆ ತಳ್ಳು, ಕ್ಲಿಕ್ ಮಾಡು. ಕಣ್ಣು ವ್ಯೂಫೈಂಡರ್ ಬಿಟ್ಟು ಬರುವ ಪ್ರಮೇಯವೇ ಇಲ್ಲ.

ಆ ಮುಖಗಳಿಗೆ ಈ ಲೆನ್ಸ್ ಯಾಕೆ ಹೊಂದುತ್ತದೆ? ಹಳೆಯ, ಸರಳ ಲೇಪನದ ಗಾಜಿನೊಳಗೆ ಬೆಳಕು ಸ್ವಲ್ಪ ಚದುರಿ, ಕಾಂಟ್ರಾಸ್ಟ್ ತಗ್ಗುತ್ತದೆ. ಒಂಟಿ ಬಲ್ಬಿನ ಕೆಳಗೆ ಮುಖಕ್ಕೆ ಬಳಿದ ಸಫೇದದ ಬಿಳಿ ಉರಿದು ಕಾಣುವ ಕಡೆ, ಗಲ್ಲದ ಕೆಳಗಿನ ನೆರಳು ಕಪ್ಪಗೆ ಮುಚ್ಚಿಹೋಗದೆ ಉಳಿಯುತ್ತದೆ. ಇಂಗಳೀಕವೆಂಬ ಬಣ್ಣದ ಕೆಂಪು ಹದವಾಗಿ ಬರುತ್ತದೆ. ಬಲ್ಬ್ ನೇರ ಗಾಜಿಗೆ ಬಿದ್ದರೆ ಮಾತ್ರ ಇಡೀ ಚಿತ್ರ ಮಬ್ಬು, ಹಾಗಾಗಿ ಹುಡ್ ತೆಗೆಯುವುದಿಲ್ಲ. ಈ ಲೆನ್ಸ್‌ಗೆ ಹೆಸರು ತಂದ ಸುಳಿಸುತ್ತುವ ಹಿನ್ನೆಲೆ ಬೇಕೆನ್ನುವವರಿಗೆ ಒಂದು ಮಾತು: ಅದು ಚಿತ್ರದ ಅಂಚಿನಲ್ಲಿ ಹುಟ್ಟುವಂಥದ್ದು, ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿಬಿಡುತ್ತದೆ. ಫುಲ್‌ಫ್ರೇಮ್ (ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್‌ನ) ಬಾಡಿಗೆ ಹಾಕಿ, ಎಲೆಯ ಸಂದಿಯಿಂದ ಬಿಸಿಲು ಇಣುಕುವ ಅಡಿಕೆ ತೋಟದಲ್ಲಿ ನಿಲ್ಲಿಸಿ ತೆಗೆಯಿರಿ, ಧಾರಾಳವಾಗಿ ಸಿಗುತ್ತದೆ.

ರಂಗಸ್ಥಳದ ಲೆಕ್ಕ ಬೇರೆ. ಕುಣಿತದ ಹಿಂದೆ ಫೋಕಸ್ ಬಳೆ ಓಡಿಸಲು ಹೋಗಬಾರದು. ನಾಲ್ಕು ಮೀಟರ್ ದೂರದಲ್ಲಿ ಪಾತ್ರ ಬಂದು ನಿಲ್ಲುವ ಜಾಗ ನೋಡಿ ಅಲ್ಲಿಗೆ ಮೊದಲೇ ಫೋಕಸ್ ಮಾಡಿ, ನಿಕಾನ್ ಲೆನ್ಸನ್ನು ಎಫ್/4ಕ್ಕೆ ಇಟ್ಟು ಕಾಯುತ್ತೇನೆ. ಮುಕ್ಕಾಲು ಮೀಟರಿಗಿಂತ ಹೆಚ್ಚು ಆಳ ಸಿಗುತ್ತದೆ, ಒಂದು ಹೆಜ್ಜೆಗೆ ಸಾಕು. ದೂರ ಗೊತ್ತು ಮಾಡಲು ಲೆನ್ಸ್ ಮೇಲಿನ ಅಂಕಿ ನೋಡಬೇಡಿ. ಅಗ್ಗದ ಅಡಾಪ್ಟರ್‌ಗಳು ಕೂದಲೆಳೆಯಷ್ಟು ಗಿಡ್ಡ ಇರುವುದೇ ಹೆಚ್ಚು, ಅಂಕಿ ತಪ್ಪುತ್ತದೆ. ಎಲ್‌ಇಡಿ ದೀಪ ಇದ್ದರೆ ಎಲೆಕ್ಟ್ರಾನಿಕ್ ಶಟರ್ ಬೇಡ, ಪಟ್ಟೆ ಬೀಳುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲಿ 1/100 ಒಳ್ಳೆಯದು.

ಬೆಳಗಿನ ಜಾವದ ಇಬ್ಬನಿಯಲ್ಲಿ ನೆನೆದ ಲೆನ್ಸನ್ನು ಹಾಗೇ ಚೀಲದಲ್ಲಿ ಮುಚ್ಚಿಟ್ಟರೆ ಬೂಸ್ಟು ಕರೆದಂತೆ. ಮನೆಗೆ ಬಂದ ಮೇಲೆ ಮುಚ್ಚಳ ತೆಗೆದು, ನೆರಳಿನಲ್ಲಿ ಒಣಗಲು ಬಿಟ್ಟು, ಆಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸುತ್ತೇನೆ. ಒಳಗೊಂದು ಚಿಕ್ಕ ತೇವಮಾಪಕ ಇದೆ. ಮುಳ್ಳು ಶೇ. 50 ದಾಟಿತೆಂದರೆ ಜೆಲ್ ಬಿಸಿ ಮಾಡಿ ಒಣಗಿಸುವ ಹೊತ್ತು.