ತಂಪು ಮನೆಗೆ ಮೊದಲು ನೋಡಬೇಕಾದ್ದು ಬಿಸಿಲಿನ ದಿಕ್ಕು

ಸೆಕೆ ಇರುವ ಕಡೆ ಕಡಿಮೆ ಬಜೆಟ್‌ನಲ್ಲಿ ಮನೆ ಕಟ್ಟಲು ಹೊರಟವರಿಗೆ ಒಂದು ಮಾತು. ಎಸಿ, ಸೋಲಾರ್ ಎಲ್ಲ ಆಮೇಲಾಯ್ತು. ಮೊದಲು ಪ್ಲಾನ್ ಹಿಡಿದುಕೊಂಡು ಸಂಜೆ ನಾಲ್ಕು ಗಂಟೆಗೆ ಸೈಟಿನಲ್ಲಿ ಹೋಗಿ ನಿಂತುಕೊಳ್ಳಿ. ಪಶ್ಚಿಮದ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾ ಅದನ್ನು ಪೂರ್ತಿ ತಡೆಯಲ್ಲ. ಆ ಕಡೆ ಮಲಗುವ ಕೋಣೆ ಬೇಡ. ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮ್ ಇರಲಿ. ಪ್ಲಾನ್ ಹಂತದಲ್ಲೇ ಬದಲಿಸಿದರೆ ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಗೋಡೆಗೆ ರ‍್ಯಾಟ್ ಟ್ರ್ಯಾಪ್ ಬಾಂಡ್ ವಿಚಾರ ಮಾಡಿ. ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ ವಿಧಾನ ಇದು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. 9 ಇಂಚಿನ ಗೋಡೆಯೊಳಗೆ ಟೊಳ್ಳು ಉಳಿಯುತ್ತದೆ, ಅದರೊಳಗಿನ ಗಾಳಿಯಿಂದ ಬಿಸಿ ಒಳಗೆ ಬರುವುದು ನಿಧಾನವಾಗುತ್ತದೆ. ಇಟ್ಟಿಗೆಯಲ್ಲೂ ಸುಮಾರು ಕಾಲು ಭಾಗ ಉಳಿತಾಯ. ಆದರೆ ಮೇಸ್ತ್ರಿಗೆ ಅಭ್ಯಾಸ ಇಲ್ಲದಿದ್ದರೆ ಗಾರೆಯೆಲ್ಲ ಟೊಳ್ಳಿನೊಳಗೆ ಬೀಳುತ್ತದೆ, ಆಗ ಉಪಯೋಗವೇ ಇಲ್ಲ. ಹಾಗಾಗಿ ಮೊದಲು ನಾಲ್ಕು ವರಸೆ (ಇಟ್ಟಿಗೆ ಸಾಲು) ಕಟ್ಟಿಸಿ, ಮೇಲಿನಿಂದ ಇಣುಕಿ ನೋಡಿ. ಕಿಟಕಿ ಬಾಗಿಲಿನ ಪಕ್ಕ ಮತ್ತು ಅಡಿಪಾಯದ ಮೇಲಿನ ಮೊದಲ ವರಸೆ ಟೊಳ್ಳಿಲ್ಲದೆ ಗಟ್ಟಿಯಾಗಿಯೇ ಇರಬೇಕು. ವೈರಿಂಗ್ ಪೈಪ್ ಎಲ್ಲೆಲ್ಲಿ ಅಂತ ಮೊದಲೇ ಗುರುತು ಹಾಕಿಸಿ, ಆಮೇಲೆ ಈ ಗೋಡೆ ಒಡೆಯೋದು ದೊಡ್ಡ ತಲೆನೋವು.

ಕಿಟಕಿ ಎದುರುಬದುರು ಇಡಿ, ಅಷ್ಟೇ.

ತಾರಸಿಗೆ ಬಿಳಿ ಬಣ್ಣ ಹೊಡೆಸುವುದನ್ನು ಮರೆಯಬೇಡಿ. ಧೂಳು ಕೂತರೆ ಬಿಸಿಲು ವಾಪಸ್ ಹೋಗಲ್ಲ, ಬೇಸಿಗೆಗೆ ಮುಂಚೆ ಒಮ್ಮೆ ತೊಳೆದುಬಿಡಿ.