ಇಂಗ್ಲಿಷ್ ವಾಕ್ಯದ ಬಗೆ ಕಲಿಸುವಾಗ ಮೊದಲು ಜೋಡಿ ಎಣಿಸಿ

ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ವಾಕ್ಯಗಳ ವ್ಯಾಖ್ಯೆಯನ್ನು ಮುಂಬಯಿಯ ಕನ್ನಡ ಮಾಧ್ಯಮದ ಏಳನೇ ತರಗತಿಯ ಮಕ್ಕಳು ಬಾಯಿಪಾಠ ಒಪ್ಪಿಸಿಬಿಡುತ್ತಾರೆ. ವಾಕ್ಯ ಎದುರಿಗಿಟ್ಟರೆ ಮಾತ್ರ ಉದ್ದ ನೋಡಿ ಊಹಿಸುತ್ತಾರೆ. ಆದ್ದರಿಂದ ವ್ಯಾಖ್ಯೆ ಕೊನೆಗಿರಲಿ. ಕನ್ನಡ ವ್ಯಾಕರಣದಲ್ಲಿ ಕಲಿತ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳ ಜೊತೆಗಾರರೇ ಇವು ಎಂದಷ್ಟೇ ಮೊದಲು ಹೇಳಿ.

ಮೊದಲ ದಿನ ಕರ್ತೃ-ಕ್ರಿಯಾಪದದ ಜೋಡಿಗಳ ಎಣಿಕೆ ಸಾಕು. ಹಲಗೆಯ ಮೇಲೆ ಬರೆಯಿರಿ: ‘ದ ಬಾಯ್ ಸಿಟ್ಟಿಂಗ್ ನಿಯರ್ ದ ವಿಂಡೋ ಈಟ್ಸ್ ಅ ವಡಾಪಾವ್.’ ಇದನ್ನೇ ‘ಯೆಸ್ಟರ್ಡೇ’ ಸೇರಿಸಿ ಹೇಳಿಸಿ. ‘ಈಟ್ಸ್’ ಹೋಗಿ ‘ಏಟ್’ ಬರುತ್ತದೆ, ‘ಸಿಟ್ಟಿಂಗ್’ ಹಾಗೆಯೇ ಉಳಿಯುತ್ತದೆ. ಬದಲಾದದ್ದೇ ಪೂರ್ಣ ಕ್ರಿಯಾಪದ. ಅದಕ್ಕೆ ಎರಡು ಗೆರೆ, ಅದರ ಕರ್ತೃವಿಗೆ ಒಂದು ಗೆರೆ ಎಳೆಸಿ. ಕರ್ತೃ-ಕ್ರಿಯಾಪದದ ಜೋಡಿ ಒಂದೇ ಇದ್ದರೆ, ವಾಕ್ಯ ಎಷ್ಟು ಉದ್ದವಾದರೂ ಸಿಂಪಲ್.

ಮಕ್ಕಳು ಇಲ್ಲಿ ಎಡವುವುದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ದಾದರ್‌ನಲ್ಲಿ ಇಳಿದು, ಚಹಾ ಕುಡಿದು, ಶಾಲೆಗೆ ಬಂದೆ’ ಎಂಬಲ್ಲಿ ಪೂರ್ಣ ಕ್ರಿಯಾಪದ ಕೊನೆಯದೊಂದೇ. ಅದೇ ಲೆಕ್ಕದಲ್ಲಿ ‘ಐ ಗೆಟ್ಟಿಂಗ್ ಡೌನ್, ಡ್ರಿಂಕಿಂಗ್ ಟೀ, ಕೇಮ್ ಟು ಸ್ಕೂಲ್’ ಎಂದು ಬರೆಯುತ್ತಾರೆ. ‘ಐ ಗಾಟ್ ಡೌನ್ ಅಂಡ್ ಡ್ರ್ಯಾಂಕ್ ಟೀ’ ಎಂದು ತಿದ್ದಿ. ಕರ್ತೃ ಒಂದೇ ಆದ್ದರಿಂದ ಇದೂ ಸಿಂಪಲ್. ‘ಅಂಡ್’ ಆದಮೇಲೆ ಮತ್ತೊಂದು ‘ಐ’ ಬಂದರೆ ಮಾತ್ರ ಕಾಂಪೌಂಡ್. ‘ಅಂಡ್’ ಕಂಡ ಕೂಡಲೇ ಕಾಂಪೌಂಡ್ ಎಂದು ಕೂಗುವ ಅಭ್ಯಾಸ ಆಗ ಬಿಡುತ್ತದೆ.

ಎರಡನೇ ದಿನ ನಾಲ್ಕು ಮಕ್ಕಳ ಗುಂಪಿಗೆ ಹನ್ನೆರಡು ಕಾಗದದ ಪಟ್ಟಿ ಕೊಡಿ: ಎಂಟರಲ್ಲಿ ಒಂದೊಂದು ಜೋಡಿಯ ಚಿಕ್ಕ ವಾಕ್ಯ, ನಾಲ್ಕರಲ್ಲಿ ‘ಬಟ್’, ‘ಸೋ’, ‘ಬಿಕಾಸ್’, ‘ಆಲ್ದೋ’. ಜೋಡಿಸಿದ ಮೇಲೆ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಗಟ್ಟಿಯಾಗಿ ಓದಿಸಿ. ‘ಬಿಕಾಸ್ ದ ಟ್ರೇನ್ ವಾಸ್ ಲೇಟ್’ ಎಂದು ನಿಲ್ಲಿಸಿದರೆ ಕೇಳುವವರು ‘ಅದಕ್ಕೇನಾಯ್ತು?’ ಎನ್ನುತ್ತಾರೆ. ಹೀಗೆ ಒಂಟಿಯಾಗಿ ನಿಲ್ಲದ ಭಾಗವಿದ್ದರೆ ಕಾಂಪ್ಲೆಕ್ಸ್, ಎರಡೂ ಭಾಗ ಒಂಟಿಯಾಗಿ ನಿಂತರೆ ಕಾಂಪೌಂಡ್. ಕನ್ನಡದಲ್ಲಿ ‘ಯಾಕೆಂದರೆ ಟ್ರೇನ್ ಲೇಟಾಗಿತ್ತು’ ಎಂಬುದು ಬೇರೆ ವಾಕ್ಯವಾಗಿ ಸಲೀಸಾಗಿ ನಿಲ್ಲುತ್ತದೆ, ಅದಕ್ಕೇ ಮಕ್ಕಳು ‘ಬಿಕಾಸ್’ಗೆ ಮೊದಲು ಪೂರ್ಣವಿರಾಮ ಇಡುತ್ತಾರೆ.

‘ಆಲ್ದೋ ಇಟ್ ರೇನ್ಡ್, ಬಟ್ ವಿ ಪ್ಲೇಡ್’ ಎಂಬ ತಪ್ಪಿಗೆ ಇಲ್ಲಿನ ಬೀದಿಯ ಮರಾಠಿಯೂ ಕಾರಣವಾಗುತ್ತದೆ. ಮರಾಠಿಯಲ್ಲಿ ‘ಜರೀ’ (ಆಲ್ದೋ) ಬಂದರೆ ಜೊತೆಗೆ ‘ತರೀ’ (ಆದರೂ) ಬರಬೇಕು. ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದೇ ಸಾಕು. ಪಟ್ಟಿಗಳಲ್ಲಿ ‘ಬಟ್’ ತೆಗೆದು ಓದಿಸಿ, ಆಮೇಲೆ ‘ಆಲ್ದೋ’ ತೆಗೆದು ಓದಿಸಿ: ಮೊದಲನೆಯದು ಕಾಂಪ್ಲೆಕ್ಸ್, ಎರಡನೆಯದು ಕಾಂಪೌಂಡ್. ಒಂದೇ ಮಾತು ಎರಡು ಬಗೆಯಾಗುವುದನ್ನು ಕೈಯಾರೆ ಮಾಡಿ ನೋಡುವ ಈ ಗಳಿಗೆಯನ್ನು ಅವಸರದಲ್ಲಿ ಕಳೆಯಬೇಡಿ.

ಅಲ್ಪವಿರಾಮಕ್ಕೆ ಹತ್ತು ನಿಮಿಷ ಸಾಕು. ಎರಡು ಜೋಡಿಗಳ ನಡುವಿನ ‘ಬಟ್’, ‘ಸೋ’ಗೆ ಮೊದಲು ಹಾಕಿಸಿ. ‘ಬಿಕಾಸ್’ ಭಾಗ ವಾಕ್ಯದ ಆರಂಭದಲ್ಲಿ ಬಂದರೆ ಅದು ಮುಗಿದಲ್ಲಿ ಹಾಕಿಸಿ, ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ. ಕಾಂಪೌಂಡ್-ಕಾಂಪ್ಲೆಕ್ಸ್ ಎಂಬ ನಾಲ್ಕನೆಯ ಬಗೆ ಎಂಟನೇ ತರಗತಿಯವರೆಗೆ ಕಾಯಲಿ. ಮನೆಪಾಠಕ್ಕೆ ಮಕ್ಕಳು ತಾವೇ ಬರೆದ ಹಳೆಯ ಪ್ರಬಂಧದ ನಾಲ್ಕು ವಾಕ್ಯ ಕೊಟ್ಟು, ಗೆರೆ ಎಳೆದು ಬಗೆ ಬರೆದು ತರಲು ಹೇಳಿ.